ಇರುವೆಗಳಿಗೆ ಹೇಳಿದ ‘ಹೋಗಿ ಬರ್ರಿ’

ಮೊನ್ನೆ ಬೆಳಿಗ್ಗೆ ಸಾರಿಗೆಂದು ಬಟ್ಟಲಿನಲ್ಲಿ ನೆನೆಹಾಕಿದ್ದ ಇಂಗು ಕೈತಪ್ಪಿ ಒಲೆಯ ಬೂದಿಯ ಮೇಲೆ ಚೆಲ್ಲಿತು. ಬಿಸಿ ಬೂದಿ ಚುಂಯ್ ಎಂದು ಇಂಗಿನ ನೀರನ್ನು ಕುಡಿಯಿತು. ಆಗ ಎದ್ದ ವಾಸನೆ ಅಡುಗೆಮನೆಯದಲ್ಲ, ಹಿತ್ತಲಿನದು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲಿಯೇ ಕುಳಿತುಬಿಟ್ಟೆ. ಮಣ್ಣಿನ ಗೋಡೆಯ ಆಚೆಯಿಂದ ಈಗಲೋ ಆಗಲೋ ಖಾಲಾ ಅವರ ತಲೆ ಕಾಣಿಸೀತು ಅನ್ನಿಸಿತು...

ಖಾಲಾ ನಮ್ಮ ಮನೆಯ ಹಿಂಬದಿಯ ಮನೆಯವರು. ಅವರ ಯಜಮಾನರಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಖಾಲಾ ಎಂದರೆ ಚಿಕ್ಕಮ್ಮ. ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಾನು ಆಗಷ್ಟೇ ಧಾರವಾಡದಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದವಳು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಬೆಳಿಗ್ಗೆ ವರ್ಕ್‌ಶಾಪಿನ ಭೋಂಗಾ ಕೂಗಿ ಯಜಮಾನರು ಕೆಲಸಕ್ಕೆ ಹೋದ ಮೇಲೆ ಖಾಲಾ ಆ ಗೋಡೆಗೆ ಮೊಳಕೈ ಊರಿ ನಿಲ್ಲುವರು.

ನಮ್ಮ ಅತ್ತೆಯ ಮನೆಯಲ್ಲಿ ಒಂದು ರೂಢಿಯಿತ್ತು. ಹೊಸ ಸೊಸೆ ತವರಿನಿಂದ ತಂದ ಬೀಜವನ್ನು ಹಿತ್ತಲಿನಲ್ಲಿ ಬಿತ್ತಬೇಕು. ಅದು ಹೇಗೆ ಏಳುತ್ತದೆಯೋ ಅದು ಅವಳ ಕೈಗುಣ. ನನ್ನ ತಾಯಿ ಅರಿವೆಯಲ್ಲಿ ಗಂಟು ಕಟ್ಟಿ ರಾಜಗಿರಿ ಸೊಪ್ಪಿನ ಬೀಜ ಕೊಟ್ಟಿದ್ದಳು. ಮಣ್ಣು ಹದ ಮಾಡಿ, ಮಡಿ ಕಟ್ಟಿ ಬಿತ್ತಿದೆ. ಮಾರನೆಯ ದಿನ ನೋಡಿದರೆ ಕರಿ ಇರುವೆಗಳ ಸಾಲು. ಒಂದೊಂದರ ಬಾಯಲ್ಲಿಯೂ ನನ್ನ ತವರಿನ ಒಂದೊಂದು ಕಾಳು! ಮಡಿಯಿಂದ ಹೊರಟು ಗೋಡೆಯ ಬಿರುಕಿನಲ್ಲಿ ಮಾಯವಾಗುತ್ತಿದ್ದವು. ಮತ್ತೆ ಬಿತ್ತಿದೆ. ಮತ್ತೆ ಅದೇ ಸಾಲು, ಅದೇ ಬಿರುಕು.

ಅತ್ತೆ ಬಯ್ಯುವವರಲ್ಲ. ಆದರೆ ಅರಿಷಿಣ ಕುಂಕುಮಕ್ಕೆ ಬಂದ ಹೆಂಗಸರು ಸೊಸೆಯ ಕೈ ಹೇಗೆ ಎಂದು ಕೇಳಿದಾಗ, ಇನ್ನೂ ನೋಡಬೇಕು ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕುದಿಯುವ ನೀರು ಸುರಿಯಲೇ ಎಂದು ಕೇಳಿದರೆ ಅದಕ್ಕೂ ಒಪ್ಪಲಿಲ್ಲ. ಕರಿ ಇರುವೆ ಎಂದರೆ ಲಕ್ಷ್ಮಿ. ಸೋಮವಾರಕ್ಕೊಮ್ಮೆ ಅವರೇ ತುಳಸಿಕಟ್ಟೆಯ ಬುಡದಲ್ಲಿ ಅವಕ್ಕೆ ಸಕ್ಕರೆ ಹಾಕುತ್ತಿದ್ದರು. ಒಂದು ಕಡೆ ಸಕ್ಕರೆ ಹಾಕಿ ಸಾಕುವವರು ಅವರು, ಇನ್ನೊಂದು ಕಡೆ ಬೀಜ ಕಳೆದುಕೊಂಡು ಅಳುವವಳು ನಾನು.

ನನ್ನ ಸಪ್ಪೆ ಮುಖವನ್ನು ಖಾಲಾ ಗೋಡೆಯ ಮೇಲಿಂದಲೇ ಓದಿದರು. ಮಡಿಯ ಸುತ್ತ ಅರಿಷಿಣದ ಗೆರೆ ಎಳೆ, ದಾಟುವುದಿಲ್ಲ ಎಂದರು. ಎಳೆದೆ. ಇರುವೆಗಳು ಒಂದಿಷ್ಟು ಹೊತ್ತು ಗೆರೆಯ ಮುಂದೆ ನಿಂತು ವಿಚಾರ ಮಾಡಿದವು. ಆಮೇಲೆ ಕಾಲೆಲ್ಲ ಹಳದಿ ಮಾಡಿಕೊಂಡು ದಾಟಿದವು.

“ಅರಿಷಿಣ ಹಚ್ಚಿಕೊಂಡು ಮದುವಿಗೆ ಹೊಂಟಾರ ನೋಡು ತಂಗಿ,” ಎಂದು ಖಾಲಾ ನಕ್ಕರು. ನನಗೂ ಅಳುವಿನ ನಡುವೆ ನಗು ಬಂತು.

ಅರಿವೆಯ ಗಂಟಿನಲ್ಲಿ ಉಳಿದಿದ್ದು ಕಡೆಯ ಒಂದು ಹಿಡಿ ಬೀಜ. ಈ ಸಲ ಖಾಲಾ ತಮ್ಮ ತಾಯಿಯ ಉಪಾಯ ತೆಗೆದರು. ಒಲೆಯ ಬೂದಿಗೆ ಇಂಗಿನ ನೀರು ಚಿಮುಕಿಸಿ ಮಡಿಯ ಸುತ್ತ ಹಾಕಬೇಕು. ಮಡಿಯಾಚೆ ಒಂದು ಮುಷ್ಟಿ ಅಕ್ಕಿನುಚ್ಚು ಚೆಲ್ಲಬೇಕು, ಅದು ಇರುವೆಗಳ ಪಾಲು. ಅವರ ಪಾಲು ಅವರಿಗೆ ಕೊಡದೆ ನಮ್ಮ ಪಾಲು ಕೇಳಬಾರದಂತೆ. ಕಡೆಗೆ, ಬಾಯಿ ಬಿಟ್ಟು ಅವಕ್ಕೆ ಹೇಳಬೇಕು. ಇರುವೆಗಳ ಮಾತು ತಿಳಿಯುತ್ತಿದ್ದ ಪೈಗಂಬರರೊಬ್ಬರಿದ್ದರಂತೆ. ಅಂದಿನಿಂದ ಇರುವೆಗಳೂ ಮನುಷ್ಯರ ಮಾತು ಕೇಳುತ್ತವೆ, ಆದರೆ ಮರ್ಯಾದೆಯಿಂದ ಹೇಳಬೇಕು ಎಂದರು. ನನ್ನನ್ನು ‘ನೀ’ ಎನ್ನುತ್ತಿದ್ದ ಖಾಲಾ ಇರುವೆಗಳಿಗೆ ‘ರಿ’ ಹಚ್ಚಿ ಮಾತನಾಡುತ್ತಿದ್ದರು!

ಬೀಜ ಬಿತ್ತಿ, ಬೂದಿ ಹಾಕಿ, ನುಚ್ಚು ಚೆಲ್ಲಿ, ಸೆರಗು ಹೊದ್ದು ಕೈಮುಗಿದು ನಿಂತೆ. ‘ಹೋಗ್ರಿ’ ಎನ್ನಬೇಕಾಗಿತ್ತು. ಆದರೆ ಬರೀ ‘ಹೋಗ್ರಿ’ ಎಂದು ಯಾರಿಗಾದರೂ ಹೇಳುವುದುಂಟೇ? ಹುಟ್ಟಿದಂದಿನಿಂದ ಅದು ಅಪಶಕುನ ಎಂದು ಕಲಿತ ನಾಲಿಗೆ. ಹೊಸ್ತಿಲು ದಾಟುವ ಬೀಗರಿಗೆ ಹೇಳುವ ಹಾಗೆಯೇ ಹೇಳಿಬಿಟ್ಟೆ.

“ಹೋಗಿ ಬರ್ರಿ.”

ಗೋಡೆಯಾಚೆ ಖಾಲಾ ಬಾಯಿಗೆ ಸೆರಗು ಒತ್ತಿಕೊಂಡಿದ್ದು ಕಂಡಿತು. ಏಕೆ ಎಂದು ನನಗೆ ತಿಳಿದದ್ದು ಮಾರನೆಯ ದಿನ. ನುಚ್ಚಿನ ಸುತ್ತ ಇರುವೆ. ಮಡಿಯ ತುಂಬ ಇರುವೆ. ಇಂಗಿನ ವಾಸನೆ ಹಾರಿಹೋಗಿ ಬರೀ ಬೂದಿ ಉಳಿದಿತ್ತು.

“ಅವರದೇನ ತಪ್ಪೈತಿ?” ಎಂದರು ಖಾಲಾ. “ನೀ ಹೋಗಿ ಬರ್ರಿ ಅಂದಿ. ಮಾತಿನ ಮಂದಿ ಅವರು. ಹೋದರು, ಬಂದರು.”

ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಎದ್ದವು, ಮುದುಕರ ಬಾಯಲ್ಲಿನ ಹಲ್ಲಿನ ಹಾಗೆ. ನಾನು ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಅದಾಗಿ ಕೆಲವು ವಾರಗಳ ಮೇಲೆ ಖಾಲಾ ಗೋಡೆಯಿಂದ ಕೂಗಿದರು. ನನ್ನನ್ನಲ್ಲ, ನಮ್ಮ ಅತ್ತೆಯನ್ನು. ಅತ್ತೆ ಬೀಸುತ್ತಿದ್ದ ಕಲ್ಲು ಬಿಟ್ಟು ಹಿಟ್ಟಿನ ಕೈಯಲ್ಲಿಯೇ ಹೋದರು. ನಾನು ಹಿಂದೆ ನಿಂತೆ.

“ಬಗ್ಗಿ ನೋಡ್ರಿ ಅಕ್ಕಾರ. ನಿಮ್ಮ ಸೊಸಿ ಕೈಗುಣ ಗ್ವಾಡಿ ದಾಟಿ ನಮ್ಮ ಹಿತ್ತಲಕ್ಕ ಬಂದೈತಿ.”

ಗೋಡೆಯ ಬಿರುಕು ಆಚೆಗೆ ತೆರೆದುಕೊಳ್ಳುವಲ್ಲಿ, ಇರುವೆಗಳು ಮಣ್ಣನ್ನೂ ಹೊಟ್ಟನ್ನೂ ತಂದು ಚೆಲ್ಲುವ ಗುಪ್ಪೆಯ ಮೇಲೆ, ರಾಜಗಿರಿ ದಟ್ಟವಾಗಿ ಎದ್ದಿತ್ತು. ಕೆಂಪು ದಂಟು, ಅಂಗೈಯಗಲದ ಎಲೆ. ನಾನು ಬಿತ್ತಿದ್ದರಲ್ಲಿ ಅವು ತಿಂದಷ್ಟು ತಿಂದು, ಬಿಟ್ಟಷ್ಟು ಅಲ್ಲಿ ಬಿಟ್ಟಿದ್ದವು. ಖಾಲಾ ಅದಕ್ಕೆ ನೀರು ಹಾಕಿ, ಕೋಳಿ ಕೆದರದಂತೆ ಮುಳ್ಳು ಇಟ್ಟು ಕಾಯ್ದಿದ್ದರು. ಅದು ಅಷ್ಟು ಎತ್ತರ ಬೆಳೆಯುವವರೆಗೆ ಒಂದು ಮಾತೂ ಆಡಿರಲಿಲ್ಲ.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, “ಬೀಜ ನಮ್ಮದು, ಮಣ್ಣು ನಿಮ್ಮದು. ಅರ್ಧಾ ಅರ್ಧಾ ಮಾಡೋಣು.”

ಅಂದು ಗೋಡೆಯ ಎರಡೂ ಕಡೆ ಬೆಳ್ಳುಳ್ಳಿ ಒಗ್ಗರಣೆಯ ಒಂದೇ ವಾಸನೆ. ಮುಂದಿನ ಸಲ ಹೆಂಗಸರು ಬಂದಾಗ ಅತ್ತೆ ತಾವಾಗಿಯೇ ಹೇಳಿದರು, ನಮ್ಮ ಸೊಸೆ ಇಲ್ಲಿ ಬಿತ್ತಿದರೆ ಗೋಡೆಯಾಚೆಯ ಮನೆಯಲ್ಲಿಯೂ ಬೆಳೆಯುತ್ತದೆ ಎಂದು.

ಕೆಲವು ವರ್ಷಗಳ ಮೇಲೆ ಖಾಲಾ ಅವರ ಯಜಮಾನರಿಗೆ ದೂರದ ಊರಿಗೆ ವರ್ಗವಾಯಿತು. ಟಾಂಗಾ ಬಾಗಿಲಿಗೆ ಬಂದು ನಿಂತಿತ್ತು. ನಾನು ರಾಜಗಿರಿ ಬೀಜದ ಒಂದು ಗಂಟನ್ನು ಅವರ ಕೈಯಲ್ಲಿಟ್ಟೆ. “ಹೋಗಿ ಬರ್ರಿ, ಖಾಲಾ,” ಎಂದೆ.

ಅವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. “ನನಗೂ ಇರಿವಿಗೆ ಹೇಳಿದಂಗ ಹೇಳಿದಿ. ಇನ್ನ ಬರದ ಬಿಡಾಂಗಿಲ್ಲ.”

ಬರಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ವರ್ಕ್‌ಶಾಪಿನವರೊಬ್ಬರು ಬಹಳ ತಡವಾಗಿ ತಂದರು. ಅಲ್ಲಿ ಅವರಿಗೆ ಸಿಕ್ಕ ಮನೆಗೆ ಹಿತ್ತಲೇ ಇರಲಿಲ್ಲವಂತೆ. ಆ ಗಂಟನ್ನು ಬಿಚ್ಚಿದರೋ, ಹಾಗೆಯೇ ಇಟ್ಟುಕೊಂಡಿದ್ದರೋ...

ಈಗ ಅಕ್ಕಿ ರೇಷನ್ನಿನಲ್ಲಿ ಬರುವ ಕಾಲ. ನುಚ್ಚನ್ನು ಮಣ್ಣಿಗೆ ಚೆಲ್ಲುವುದನ್ನು ಕಂಡರೆ ಓಣಿಯವರು ನನಗೆ ತಲೆ ಕೆಟ್ಟಿದೆ ಅಂದಾರು. ಮೊನ್ನೆ ಆ ಇಂಗಿನ ಬೂದಿಯನ್ನು ಮೊರಕ್ಕೆ ಬಳಿದುಕೊಂಡು ಹಿತ್ತಲಿಗೆ ಹೋದೆ. ರಾಜಗಿರಿ ಮಡಿಯ ಅಂಚಿಗೆ ಸಾಲು ಆಗಲೇ ಬಂದಿತ್ತು. ಕಣ್ಣು ಮಂಜಾಗಿರುವ ಅತ್ತೆ ಕಟ್ಟೆಯ ಮೇಲಿಂದಲೇ ವಾಸನೆ ಹಿಡಿದು ಕೇಳಿದರು, “ಅವರ ಪಾಲು ಹಾಕಿದೇನು?”

ಹಾಕಿದೆ ಎಂದೆ. ಒಂದು ಚಿಟಿಕೆ ಮಾತ್ರ. ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ, ಅವರಿಗೆ ಕೇಳಿಸದಂತೆ ಮೆಲ್ಲಗೆ ಇರುವೆಗಳಿಗೆ ಹೇಳಬೇಕಾದ ಮಾತನ್ನೂ ಹೇಳಿದೆ. ಈ ಸಲ ನಾಲಿಗೆ ತಪ್ಪಲಿಲ್ಲ, ತಿಳಿದೇ ಹೇಳಿದೆ.

“ಹೋಗಿ ಬರ್ರಿ.”

ಆ ಮಾತು ಕೇಳಿ ತಿರುಗಿ ಬರುವವು ಈಗ ಅವಷ್ಟೇ.