ಅಳಿವೆಯಲ್ಲಿ ಕೇಳಿದ ಧ್ವನಿ

ಬೆಳಿಗ್ಗೆ ಏಳೂಕಾಲಿಗೆ, ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯ ಮೇಲೆ ಮಂಜು ಕವಿಯಿತು. ಸತ್ತವರು ಮಾತಾಡಿದರು ಎಂದು ಯಾರಾದರೂ ಹೇಳಿದರೆ ಅಲ್ಲಿಯವರೆಗೆ ನಾನು ನಗುತ್ತಿದ್ದೆ. ವಿಜ್ಞಾನ ಓದಿದವಳು. ಈಗ ನಗಲಾರೆ.

ನನ್ನ ಸೋದರಮಾವ ಯುದ್ಧವಿಮಾನದ ಪೈಲಟ್ ಆಗಿದ್ದವರು, ಆಮೇಲೆ ಒಂದು ವಾಯುನೆಲೆಯ ಕಮಾಂಡರ್. ನಿವೃತ್ತರಾಗಿ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಬಂದು ಮೀನು ಹಿಡಿಯಲು ಸಣ್ಣ ದೋಣಿ ಕೊಂಡಿದ್ದರು. ಮಳೆಗಾಲ ಮುಗಿದ ಹೊಸತು. ಆ ದಿನ ನಾನೂ ಜೊತೆಗೆ ಹೊರಟೆ.

"ಅಳಿವೆಯ ಮರಳು ಜಾಗ ಬದಲಿಸಿದೆ, ಯಾರನ್ನಾದ್ರೂ ಕೇಳಿ ಹೋಗಿ," ಎಂದರು ಅತ್ತೆ.

"ಜಿಪಿಎಸ್‌ನಲ್ಲಿ ದಾರಿ ಉಂಟು ಮಾರಾಯ್ತಿ," ಎಂದರು ಮಾವ.

"ಅದು ಹೋದ ವರ್ಷದ್ದು! ಮರಳಿಗೆಂತ ನಿಮ್ಮ ಆರ್ಡರ್ ತಾಗ್ತದಾ, ಕಮಾಂಡರ್ ಸಾಹೇಬ್ರೇ?"

ವಾಪಸು ಬರುವಾಗ ಮಂಜಿನಲ್ಲಿ ದಡವೇ ಕಾಣಲಿಲ್ಲ. ಎದುರಿಗೇ ಅಲೆ ಒಡೆಯುವ ಸದ್ದು.

"ಮಾವ, ಮುಂದೆ ಅಲೆ ಒಡೀತಾ ಉಂಟು."

"ಕಣ್ಣು, ಕಿವಿ ಮೋಸ ಮಾಡ್ತವೆ. ಮೀಟರ್ ನಂಬಬೇಕು." ಮಾವನ ಕಣ್ಣು ಜಿಪಿಎಸ್ ಪರದೆಯ ಮೇಲೇ ಇತ್ತು. ಪೈಲಟ್‌ಗಳ ಮೊದಲ ಪಾಠ ಅದಂತೆ.

ಆಗ ದೋಣಿಯಲ್ಲಿದ್ದ ವಾಕಿಟಾಕಿಯಿಂದ ಎಳೆ ಧ್ವನಿಯೊಂದು ಹಿಂದಿಯಲ್ಲಿ, ಸಾವಕಾಶವಾಗಿ ಹೇಳಿತು: "ಸರ್, ಮೀಟರ್ ತಪ್ಪು ತೋರಿಸ್ತಿದೆ. ಎಡಕ್ಕೆ ಬನ್ನಿ."

ಮಾವನ ಮುಖ ಬಿಳಿಚಿತು. ದೋಣಿಯನ್ನು ಒಮ್ಮೆಲೇ ಎಡಕ್ಕೆ ತಿರುಗಿಸಿದರು. ನಾವು ಹೋಗಬೇಕಿದ್ದ ಜಾಗದಲ್ಲಿ ಅಲೆ ಎದ್ದು, ಅಡಿಯ ಮರಳು ಕಾಣುವಂತೆ ಒಡೆಯಿತು.

ದಡ ಸೇರಿದ ಮೇಲೆ ಅವರು ಮರಳಲ್ಲಿ ಕೂತು ಹೇಳಿದರು: "ಅದು ನನ್ನ ಕೈಕೆಳಗಿದ್ದ ಪೈಲಟ್ ಹುಡುಗನ ಧ್ವನಿ. ಮೋಡದ ಒಳಗಿಂದ ರೇಡಿಯೋದಲ್ಲಿ ಮೀಟರ್ ತಪ್ಪು ಅಂದಿದ್ದ. ಮೀಟರನ್ನೇ ನಂಬು ಅಂದೆ. ಗುಡ್ಡಕ್ಕೆ ಬಡಿದು ಸತ್ತ. ಅವನದೇ ತಪ್ಪು ಅಂತ ಅವನ ತಾಯಿಗೆ ಹೇಳಿದವನೂ ನಾನೇ."

ಮನೆಗೆ ಬಂದರೆ ವಾಕಿಟಾಕಿಯ ಬ್ಯಾಟರಿ ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಬೆಳಿಗ್ಗೆ ಅದನ್ನು ಹಾಕಲು ಮರೆತೇ ಹೋಗಿದ್ದರು.

ಅಂದಿನಿಂದ ಮಾವ ರಾತ್ರಿಯೆಲ್ಲ ಅಂಗಳದಲ್ಲಿ ತಿರುಗುತ್ತಿದ್ದರು. ಕುಮಟೆಯ ನನ್ನ ಮನೆಯಲ್ಲಿ ನಾನು ಆ ಅಲೆಯ ಸದ್ದಿಗೆ ಬೆಚ್ಚಿ ಏಳುತ್ತಿದ್ದೆ. ಈಗಲೂ ಬಸ್ಸು ಶರಾವತಿ ಸೇತುವೆ ಹತ್ತಿದರೆ ಕೈ ತಾನಾಗಿ ಕಂಬಿ ಹಿಡಿಯುತ್ತದೆ. ಬ್ಯಾಟರಿಯಿಲ್ಲದ ಯಂತ್ರ ಹೇಗೆ ಮಾತಾಡಿತು? ನನ್ನ ಓದಿನಲ್ಲಿ ಉತ್ತರ ಸಿಕ್ಕಿಲ್ಲ.

ಕೊನೆಗೊಂದು ದಿನ ಮಾವ ಒಬ್ಬರೇ ರೈಲು ಹತ್ತಿ ಆ ತಾಯಿಯ ಊರಿಗೆ ಹೋದರು. ತಪ್ಪು ತನ್ನದೆಂದು ಹೇಳಿ ಬಂದರಂತೆ. ಅವರು ಮರಳಿದ ಮರುದಿನ ಅತ್ತೆಯ ಫೋನು: "ರಾತ್ರಿಯಿಡೀ ನಿನ್ನ ಮಾವನ ಗೊರಕೆ, ಮಾರಾಯ್ತಿ! ನಂಗೇ ನಿದ್ದೆ ಇಲ್ಲ."

ಅಂದು ರಾತ್ರಿ ನಾನೂ ಬೆಳಗಾಗುವವರೆಗೆ ಎಚ್ಚರಾಗಲಿಲ್ಲ.