ಗಾಲಿಗೆ ಕೊಡುವ ಕಟ್ಟಿಗೆ

ನಾನು ಹುಟ್ಟಾ ಅಂಜುಬುರುಕಿ. ಮೂಡಲಗಿಯ ತವರಿನಲ್ಲಿ ಎತ್ತು ಕೊಂಬು ಅಲ್ಲಾಡಿಸಿದರೆ ಸಾಕು, ಅಟ್ಟ ಏರಿ ಕೂಡುತ್ತಿದ್ದೆ. ಸೊಸೆಯಾಗಿ ಗೋಕಾಕಕ್ಕೆ ಬಂದ ಮೇಲೆ ಅಂಜಲಿಕ್ಕೆ ಇನ್ನೊಂದು ಕಾರಣ ಸಿಕ್ಕಿತು, ಅತ್ತೆ. ಅವರು ಬೈದವರಲ್ಲ, ಕೈ ಎತ್ತಿದವರಲ್ಲ. ಮಾತೇ ಕಡಿಮೆ. ಬೆಳಿಗ್ಗೆ ಜಳಕ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆ, ಗುಂಡಗಡಗಿಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂತರೆಂದರೆ ಮನೆಯ ಬೆಕ್ಕು ಕೂಡ ಸಪ್ಪಳ ಮಾಡುತ್ತಿರಲಿಲ್ಲ. ಪೂಜೆಯ ನೀರನ್ನು ತಾವೇ ಬಾವಿಯಿಂದ ಸೇದಿ ತರುತ್ತಿದ್ದರು. ನಾನು ತಂದ ನೀರು ಅಡುಗೆಗೆ ನಡೆಯುತ್ತಿತ್ತು, ಪೂಜೆಗೆ ನಡೆಯುತ್ತಿರಲಿಲ್ಲ. “ಇನ್ನೂ ಹುಡುಗಬುದ್ಧಿ, ಕೈ ನೆಟ್ಟಗ ತೊಳಕೊಂಡಾಳೋ ಇಲ್ಲೋ,” ಎಂದು ಒಮ್ಮೆ ನೆರೆಮನೆಯವರ ಮುಂದೆ ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅತ್ತಿತ್ತ ಓಡಾಡುವಾಗ ಅವರ ನೆರಳು ತುಳಿಯದ ಹಾಗೆ ನಡೆಯುತ್ತಿದ್ದೆ.

ನನ್ನ ಗಂಡನಿಗೆ ಮಾತ್ರ ಅಂಜಿಕೆ ಅನ್ನುವುದೇ ಗೊತ್ತಿರಲಿಲ್ಲ. ಅದು ಧೈರ್ಯವೋ ಬುದ್ಧಿ ಕಡಿಮೆಯೋ ಎಂಬುದು ನನ್ನ ಮಟ್ಟಿಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಅರಳೆ ವ್ಯಾಪಾರದವರು. ಬೆಳಗಾವಿಯಲ್ಲಿ ಗೆಳೆಯರೊಬ್ಬರ ಮೋಟಾರು ಓಡಿಸಲು ಕಲಿತು ಬಂದಿದ್ದರು. ಒಂದು ಬೇಸಿಗೆ, ಅರಳೆಯ ಕೆಲಸ ಮುಗಿದು ಕೈ ಖಾಲಿಯಾದಾಗ, ಅವರ ತಲೆಯೊಳಗೆ ಸಮುದ್ರ ಹೊಕ್ಕಿತು. ಅದೂ ಗೋವೆಯ ಸಮುದ್ರವೇ ಆಗಬೇಕು. ಆಗ ಗೋವೆ ಪೋರ್ತುಗೀಜ ಪರಂಗಿಯವರ ರಾಜ್ಯ. ಘಟ್ಟ ಇಳಿದು ಗಡಿಯ ಚೌಕಿ ದಾಟಿದರೆ ಪರದೇಶ. “ಪರದೇಶ ನೋಡಿ ಬಂದವರು ಗೋಕಾಕದೊಳಗ ಎಷ್ಟ ಮಂದಿ ಅದಾರ ಹೇಳು?” ಎಂದು ನನ್ನನ್ನೇ ಕೇಳಿದರು. ಹೋಗಿ ಬಾರದವರು ಎಷ್ಟು ಮಂದಿ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಅತ್ತೆ ಬೇಡ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಸುಪಾರಿ ಕತ್ತರಿಸುತ್ತ, “ನಾನೂ ಬರ್ತೇನಿ,” ಅಂದುಬಿಟ್ಟರು.

ಮೋಟಾರು ಬಾಡಿಗೆಗೆ ಸಿಕ್ಕಿದ್ದು ಕೊಣ್ಣೂರಿನ ಒಬ್ಬ ಬೆಲ್ಲದ ವ್ಯಾಪಾರಿಯ ಹತ್ತಿರ. ಯಾವನೋ ಸಾಹೇಬ ವಿಲಾಯತಿಗೆ ಹೋಗುವಾಗ ಮಾರಿದ ಗಾಡಿ. ಆ ಮೇಲೆ ವ್ಯಾಪಾರಿ ಹೊಸದು ತಗೊಂಡು, ಇದನ್ನು ಚಕ್ಕಡಿಗಳ ಮಗ್ಗುಲಿಗೆ ಕಟ್ಟಿಹಾಕಿದ ಹಾಗೆ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಅವುಗಳನ್ನು ಓಡಿಸಿ, ತೊಳೆದು, ಊದುಬತ್ತಿ ಹಚ್ಚಿ ಮನೆಗೆ ತಂದರೂ ವಾಸನೆ ಹೋಗಿರಲಿಲ್ಲ. ಮೇಲೆ ಕಿತ್ತುಹೋದ ಕ್ಯಾನ್ವಾಸು, ಮುಂದೆ ತಿರುವಿ ಚಾಲೂ ಮಾಡುವ ಹ್ಯಾಂಡಲ್ಲು. ಬಿಟ್ಟು ಹೋಗಲು ಬಂದ ವ್ಯಾಪಾರಿ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

“ಎಂಜಿನ್ ಕಲ್ಲಿನಂಗ ಗಟ್ಟಿ ಐತ್ರಿ,” ಅಂದ. “ಬ್ರೇಕ ಅಷ್ಟ, ಅದರ ಮನಸ್ಸಿಗೆ ಬಂದ್ರ ಹಿಡೀತೈತಿ. ಘಟ್ಟದಾಗ ನಿಂದ್ರಸಿದ್ರ ಮೊದಲ ಒಬ್ಬರು ಜಿಗದು ಗಾಲಿಗೆ ಇದನ್ನ ಕೊಡ್ರಿ.”

ಇದು ಅಂದರೆ ಒಂದು ಜಾಲಿಯ ಕಟ್ಟಿಗೆ ತುಂಡು. ಒಂದು ಕಡೆ ದಪ್ಪ, ಒಂದು ಕಡೆ ತೆಳುವು. ನನ್ನ ಗಂಡ ಅದನ್ನು ತಗೊಂಡು ಅತ್ತಿತ್ತ ನೋಡಿ ನನ್ನ ಉಡಿಯಲ್ಲಿ ಹಾಕಿದರು. ಮುತ್ತೈದೆಗೆ ಉಡಿ ತುಂಬುವುದುಂಟು, ಹೀಗೆ ತುಂಬಿದ್ದನ್ನು ನಾನು ಕಾಣೆ.

ಮೊದಲ ದಿನ ಹುಕ್ಕೇರಿ ಮುಟ್ಟಿದೆವು. ಅಲ್ಲಿ ಅತ್ತೆಯ ತಂಗಿಯ ಮನೆ. ಊಟಕ್ಕೆ ಕೂತಾಗ ಮನೆಯ ಯಜಮಾನರಾದ ಕಾಕಾ ಒಂದು ಸುದ್ದಿ ಹೇಳಿದರು. ಗಡಿಯ ಚೌಕಿಯಲ್ಲಿ ಪರಂಗಿ ಸಿಪಾಯಿಗಳು ಹೆಂಗಸರ ಮೈಮೇಲೆ ಬೆಳ್ಳಿ ಬಂಗಾರ ಕಂಡರೆ ಕಸಿದುಕೊಳ್ಳುತ್ತಾರಂತೆ. ಅವರ ಪರಿಚಯದವರ ಪರಿಚಯದವರಿಗೆ ಹಾಗೆ ಆಗಿತ್ತಂತೆ. ಮರುದಿನ ನಸುಕಿನಲ್ಲಿ ನಾನು ಪಾಟ್ಲಿ, ಬುಗುಡಿ, ಸೊಂಟಪಟ್ಟಿ ಎಲ್ಲ ಬಿಚ್ಚಿ ಅವರ ಮನೆಯ ಸಂದೂಕದಲ್ಲಿ ಇಟ್ಟೆ. ತಾಳಿಯನ್ನು ಕುಪ್ಪಸದ ಒಳಗೆ ತುರುಕಿಕೊಂಡೆ. ಅತ್ತೆ ಬಹಳ ಹೊತ್ತು ಗುಂಡಗಡಗಿ ಹಿಡಿದುಕೊಂಡು ಕೂತಿದ್ದರು. ಮದುವೆಯಾದಂದಿನಿಂದ ಅವರ ಎದೆಯ ಮೇಲಿದ್ದ ಬೆಳ್ಳಿ. ಕಡೆಗೆ ಅದರ ಮುಚ್ಚಳ ತೆಗೆದು, ದೊಡ್ಡ ನೆಲ್ಲಿಕಾಯಿಯಷ್ಟಿದ್ದ ಕಪ್ಪು ಲಿಂಗವನ್ನು ಕೊರಳಿನ ದಾರಕ್ಕೆ ಕಟ್ಟಿದ ಒಂದು ಬಿಳಿ ಅರಿವೆಯಲ್ಲಿ ಇಟ್ಟು ಗಂಟು ಹಾಕತೊಡಗಿದರು.

ನನ್ನ ಲಿಂಗ ಮೊದಲಿನಿಂದಲೂ ಅರಿವೆಯಲ್ಲೇ ಇತ್ತು. ತವರಿನವರು ಬೆಳ್ಳಿಯದು ಮಾಡಿಸುತ್ತೇವೆ ಎಂದು ಹೇಳುತ್ತಲೇ ಇದ್ದರು. ಹೀಗಾಗಿ ಆ ಗಂಟು ನನ್ನ ಕೈಗೆ ಪಳಗಿತ್ತು. ಅರಿವೆಯನ್ನು ತುಸು ಹಸಿ ಮಾಡಿಕೊಂಡು, ಎರಡು ಸುತ್ತು ಹಾಕಿ ಬಿಗಿದರೆ ಅದು ಸಡಿಲುವುದಿಲ್ಲ.

“ಅತ್ತಿ, ನಾ ಗಂಟ ಹಾಕಲೇನ್ರಿ?” ಎಂದು ಹೇಗೋ ಧೈರ್ಯ ಮಾಡಿ ಕೇಳಿದೆ.

“ನನಗ ಬರತೈತಿ,” ಅಂದರು.

ಆಂಬೋಲಿ ಘಟ್ಟದ ನೆತ್ತಿಗೆ ಬಂದಾಗ ಬಿಸಿಲು ಏರಿತ್ತು. ಕೆಳಗೆ ನೋಡಿದೆ. ನೋಡಬಾರದಿತ್ತು. ನಮ್ಮ ಕಡೆ ಗುಡ್ಡ ಅಂದರೆ ಕುರಿ ಮೇಯಿಸುವ ಜಾಗ. ಇಲ್ಲಿ ದಾರಿಯ ಬಲಕ್ಕೆ ನೆಲವೇ ಇರಲಿಲ್ಲ, ಬರೇ ಮರಗಳ ತಲೆಗಳು. ಪ್ರತಿ ತಿರುವಿಗೂ ಬ್ರೇಕು ಕಿರ್ರೆಂದು ಅತ್ತು, ಸುಟ್ಟ ಚರ್ಮದ ವಾಸನೆ ಬಿಡುತ್ತಿತ್ತು. ಅದು ತಣ್ಣಗಾಗಲಿ ಎಂದು ಗಂಡ ಗಾಡಿ ನಿಲ್ಲಿಸುತ್ತಿದ್ದರು. ಗಾಡಿ ಪೂರ್ತಿ ನಿಲ್ಲುವ ಮೊದಲೇ ನಾನು ಕಟ್ಟಿಗೆ ಹಿಡಿದು ಜಿಗಿಯಬೇಕು, ಕಚ್ಚೆ ಸೀರೆಯನ್ನು ಮೊಣಕಾಲಿಗೆ ಎಳೆದುಕೊಂಡು ಗಾಲಿಗೆ ಕೊಡಬೇಕು. ನನ್ನ ಬೆರಳು ಗಾಲಿಯ ಕೆಳಗೆ ಹೋಗುತ್ತದೆ ಎಂಬ ಅಂಜಿಕೆ ಒಂದು ಕಡೆ, ತಡವಾದರೆ ಅತ್ತೆಯ ಸಮೇತ ಗಾಡಿ ಕಣಿವೆಗೆ ಹೋಗುತ್ತದೆ ಎಂಬ ಅಂಜಿಕೆ ಇನ್ನೊಂದು ಕಡೆ. ಅತ್ತೆಯೂ ಪ್ರತಿ ಸಲ ಇಳಿದು, ಗುಡ್ಡದ ಬದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ನನ್ನ ಗಂಡ ಮಾತ್ರ ಗಾಳಿ ಎಷ್ಟು ಚಲೋ ಐತಿ ಎಂದು ಎದೆ ಉಬ್ಬಿಸಿ ನಿಂತಿರುತ್ತಿದ್ದರು.

ಘಟ್ಟ ಇಳಿದು, ಸಾವಂತವಾಡಿ ದಾಟಿ, ಗಡಿಗೆ ಬಂದೆವು. ದಾರಿಗೆ ಅಡ್ಡ ಒಂದು ಬಿದಿರು, ಅದರಾಚೆ ಹಂಚಿನ ಚೌಕಿ. ಖಾಕಿ ತೊಟ್ಟ ಸಿಪಾಯಿ ಬಿದಿರು ಎತ್ತಿ ನಮ್ಮನ್ನು ಆಚೆಗೆ ಕರೆಸಿಕೊಂಡ. ಹೀಗೆ ನಾನು ಪರದೇಶದಲ್ಲಿ ಕಾಲಿಟ್ಟೆ. ಅವನು ಪರಂಗಿಯವನೂ ಆಗಿರಲಿಲ್ಲ, ಮರಾಠಿಯಲ್ಲೇ ಕೇಳಿದ. ತಂಬಾಕು ಇದೆಯೇ? ಇಲ್ಲ. ಬುತ್ತಿಯ ಗಂಟು ಮೂಸಿ ನೋಡಿ, ಚಟ್ನಿಪುಡಿಗೆ ಸೀನಿದ. ಬಂಗಾರವಿಲ್ಲದ ನಮ್ಮ ಕೈ ಕೊರಳು ನೋಡಿ ಅವನಿಗೆ ಪಾಪ ಅನ್ನಿಸಿರಬೇಕು. ಹೋಗಿರಿ ಎಂದು ಕೈ ಬೀಸುವಾಗ ಅತ್ತೆಯ ಕೊರಳಿನ ದಾರ ಕಂಡು, ಅದೇನು ಎಂದು ಸುಮ್ಮನೆ ಕೇಳಿದ.

ಅತ್ತೆ ಅಂಜಿ, ಬೆಳ್ಳಿ ಇಲ್ಲ ಎಂದು ತೋರಿಸಲು ಅರಿವೆಯನ್ನು ಹೊರಗೆ ಎಳೆದರು. ಅದು ಗಾಳಿಗೆ ಹಾರಿತು. ಗಂಟು ಇರಲಿಲ್ಲ. ಒಳಗೆ ಏನೂ ಇರಲಿಲ್ಲ.

ಸಿಪಾಯಿ ತನ್ನಿಂದ ಏನೋ ತಪ್ಪಾಯಿತು ಅನ್ನುವ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ. ಲಿಂಗ ಕಳಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂದು ಹಳಬರು ಹೇಳುತ್ತಿದ್ದದ್ದನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಯಾರೂ ಹಾಗೆ ಸತ್ತದ್ದನ್ನು ನೋಡಿರಲಿಲ್ಲ. ಆದರೆ ಅತ್ತೆಯ ಮುಖ ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ. ಈಕೆ ಹಾಗೆ ಮಾಡಿಯೇ ಬಿಡುವ ಹೆಂಗಸು ಅನ್ನಿಸಿತು.

“ಗಾಡಿ ಹೊಳ್ಳಸು,” ಅಂದರು ಮಗನಿಗೆ. “ಸಿಕ್ರ ಸಿಗಲಿ. ಅದು ಸಿಗೂತನಕ ಈ ಬಾಯಾಗ ಒಂದ ಹನಿ ನೀರ ಹಾಕೂದಿಲ್ಲ.”

“ಯವ್ವಾ, ಹುಕ್ಕೇರಿಗೆ ಹೋದ್ರ ಮಠದ ಸ್ವಾಮಿ ಅಪ್ಪಗೋಳು ಇನ್ನೊಂದ ಕೊಡ್ತಾರ. ಅಲ್ಲೀತನಕ ನೀರರೆ ಕುಡಿ. ಬಿಸಲ ಹೆಂಗೈತಿ ನೋಡು,” ಎಂದರು ನನ್ನ ಗಂಡ. ಅವರ ದನಿಯಲ್ಲಿ ಮೊದಲ ಸಲ ಅಂಜಿಕೆ ಕೇಳಿದೆ. ಅದು ನನ್ನನ್ನು ಇನ್ನಷ್ಟು ಅಂಜಿಸಿತು.

ಅತ್ತೆ ಆಗಲೇ ಗಾಡಿ ಏರಿ ಕೂತಿದ್ದರು. ನಾವು ಪರದೇಶದಲ್ಲಿದ್ದದ್ದು ಎಲೆ ಅಡಿಕೆ ಹಾಕಿ ಉಗುಳುವಷ್ಟು ಹೊತ್ತು.

ಸೀಟಿನ ಸಂದು, ಕೋಳಿಗಳು ಕೆದರಿದ ತೂತು, ಬುತ್ತಿಯ ಗಂಟು ಎಲ್ಲ ಹುಡುಕಿದೆ. ಇರಲಿಲ್ಲ. ಇನ್ನು ಉಳಿದದ್ದು ಘಟ್ಟ. ನಾವು ಎಲ್ಲೆಲ್ಲಿ ನಿಂತಿದ್ದೆವು ಎಂದು ಗಂಡನಿಗೆ ಒಂದೂ ನೆನಪಿರಲಿಲ್ಲ. ನನಗೆ ಎಲ್ಲ ನೆನಪಿದ್ದವು. ಅಂಜಿದವರು ಜಾಗ ಮರೆಯುವುದಿಲ್ಲ. ಇಲ್ಲಿ ಕೆಂಪು ಮಣ್ಣು ಜರಿದಿತ್ತು, ಇಲ್ಲಿ ನನ್ನ ಗಾಜಿನ ಬಳೆ ಒಡೆದಿತ್ತು ಎಂದು ಹೇಳುತ್ತ ಹೋದೆ. ಪ್ರತಿ ಜಾಗದಲ್ಲೂ ಗಾಲಿಗೆ ಕಟ್ಟಿಗೆ ಕೊಟ್ಟು, ಅತ್ತೆ ಕೂತಿದ್ದ ಕಡೆ ನೆಲದ ಮೇಲೆ ಅಂಗೈ ಆಡಿಸಿ ಹುಡುಕಿದೆ. ಅಲ್ಲಿದ್ದ ಕಲ್ಲುಗಳೆಲ್ಲ ಕಪ್ಪು, ಎಲ್ಲವೂ ನೆಲ್ಲಿಕಾಯಿಯಷ್ಟೇ. ಒಂದೊಂದನ್ನೂ ಎತ್ತಿ ನೋಡುವಾಗ ಕಣ್ಣು ಮಂಜಾಗುತ್ತಿತ್ತು.

ಅತ್ತೆ ಇಳಿಯುವುದನ್ನೂ ಬಿಟ್ಟರು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು. ಒಮ್ಮೆ ತಂಬಿಗೆ ಹಿಡಿದು ಹತ್ತಿರ ಹೋದೆ. ಕಣ್ಣು ತೆರೆಯದೆ ತಲೆ ಅಲ್ಲಾಡಿಸಿದರು. ಎಂಜಿನ್ನಿಗೆ ಡಬ್ಬಿಗಟ್ಟಲೆ ನೀರು ಕುಡಿಸುತ್ತಿದ್ದೆವು, ಅವರಿಗೆ ಒಂದು ಗುಟುಕು ಇಲ್ಲ.

ನೆತ್ತಿ ಇನ್ನು ದೂರವಿಲ್ಲ ಅನ್ನುವಲ್ಲಿ, ಕಡಿದಾದ ತಿರುವಿನಲ್ಲಿ, ಎಂಜಿನ್ ಕೆಮ್ಮಿ ನಿಂತಿತು. ನಾನು ಜಿಗಿದು ಗಾಲಿಯ ಹಿಂದೆ ಕಟ್ಟಿಗೆ ಕೊಟ್ಟೆ. ಗಂಡ ಇಳಿದು ಮುಂದೆ ಹೋಗಿ ಹ್ಯಾಂಡಲ್ ಹಾಕಿದರು. ನಾನು ತುಸು ಕೆಳಗೆ, ದಾರಿಯ ಬದಿಯ ಒಣ ಎಲೆ ಕೆದರುತ್ತಿದ್ದೆ. ಹ್ಯಾಂಡಲ್ ಒಮ್ಮೆ ತಿರುಗಿತು. ಗಾಡಿ ಜಗ್ಗಿ ಅಲುಗಿತು. ಕಟ್ಟಿಗೆ ಹಾರಿ ಪಕ್ಕಕ್ಕೆ ಬಿತ್ತು.

ಗಾಡಿ ಹಿಂದಕ್ಕೆ ಸರಿಯತೊಡಗಿತು, ಮೆಲ್ಲಗೆ, ಎತ್ತು ಹಿಂದೆ ಹೆಜ್ಜೆ ಇಟ್ಟ ಹಾಗೆ. ಗಂಡ ಮುಂದಿನ ದೀಪ ಹಿಡಿದು ಜಗ್ಗಿದರು. ದೀಪ ಕಿತ್ತು ಅವರ ಕೈಗೆ ಬಂತು. ಒಳಗೆ ಅತ್ತೆ ಒಬ್ಬರೇ.

“ಏ ಹುಡಿಗೀ! ಕಟ್ಟಿಗಿ ಕೊಡ! ಕಟ್ಟಿಗಿ ಕೊಡ!”

ಅಂಥ ದನಿ ಅತ್ತೆಯ ಗಂಟಲಲ್ಲಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ದೇವರನ್ನು ಕರೆಯಲಿಲ್ಲ, ಮಗನನ್ನು ಕರೆಯಲಿಲ್ಲ. ನಾನು ಓಡಿದೆನೋ ಬಿದ್ದೆನೋ ತಿಳಿಯದು. ಕಟ್ಟಿಗೆ ಎತ್ತಿ ಗಾಲಿಯ ಕೆಳಗೆ ತುರುಕಿ, ಅದರ ಮೇಲೆ ಎರಡೂ ಕೈ ಊರಿ ಕೂತೆ. ಗಾಲಿ ಕಟ್ಟಿಗೆಯನ್ನು ಅರ್ಧ ಏರಿತು, ಯೋಚನೆ ಮಾಡಿತು, ಇಳಿಯಿತು. ನನ್ನ ಬೆನ್ನ ಹಿಂದೆ ಒಂದು ಮಾರು ನೆಲ ಉಳಿದಿತ್ತು. ಅದರಾಚೆ ಮರಗಳ ತಲೆ.

ಗಂಡ ಅತ್ತೆಯನ್ನು ಎತ್ತಿ ಇಳಿಸಿದರು. ಅವರು ದಾರಿಯ ಮೇಲೆಯೇ ಕೂತರು. ನನ್ನ ಕಡೆ ನೋಡಿ, “ನೀರ ಕೊಡು,” ಅಂದರು.

ತಂಬಿಗೆ ತಂದೆ. ಅವರು ಕೈ ಚಾಚಿ, ಮತ್ತೆ ಹಿಂದೆ ತಗೊಂಡರು. ನೀರನ್ನು ನೋಡಿದರು, ನನ್ನ ಕೊರಳನ್ನು ನೋಡಿದರು. ಆಸೆಯೂ ನಾಚಿಕೆಯೂ ಒಂದೇ ಮುಖದಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

“ಬದುಕಬೇಕ ಅನಸಾಕತ್ತೈತಿ,” ಅಂದರು. “ನಿನ್ನ ಲಿಂಗಕ್ಕ ಆ ನೀರ ಹಾಕಿ ಕೊಡ.”

ಹಾಗೆ ಕೊಡಬಹುದೋ ಬಾರದೋ, ಶಾಸ್ತ್ರ ಏನೋ, ನನಗೆ ತಿಳಿಯದು. ಕೈ ತೊಳೆದೆ. ನೆಟ್ಟಗೆ ತೊಳೆದೆ, ಅವರು ನೋಡುತ್ತಿದ್ದರು. ಅರಿವೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಟ್ಟಲು ಕೆಳಗಿಟ್ಟು ನೀರು ಬಿಟ್ಟೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ತಗೊಂಡು ಕುಡಿದರು. ಮತ್ತೆ ಬಟ್ಟಲು ಮುಂದೆ ಹಿಡಿದರು.

ಆ ಮೇಲೆ ಕೆಳಗಿನಿಂದ ಬಂದ ಚಕ್ಕಡಿಯವರು ಎತ್ತು ಕಟ್ಟಿ ಗಾಡಿಯನ್ನು ನೆತ್ತಿಗೆ ಎಳೆದುಕೊಟ್ಟರು. ನನ್ನ ಗಂಡ ಎತ್ತಿನ ಹಿಂದೆ ಮೋಟಾರಿನ ಚಕ್ರ ಹಿಡಿದು ಕೂತಿದ್ದರು. ಗೋಕಾಕದವರೆಗೆ ಸಮುದ್ರದ ಮಾತು ಎತ್ತಲಿಲ್ಲ.

ಹುಕ್ಕೇರಿಯ ಮಠದಲ್ಲಿ ಅಪ್ಪಗಳು ಅತ್ತೆಗೆ ಬೇರೆ ಲಿಂಗ ಕೊಟ್ಟರು. ಬೈಯಲಿಲ್ಲ. ಅಲ್ಲಿಂದ ತಂಗಿಯ ಮನೆಗೆ ಬಂದಾಗ ಚಿಕ್ಕತ್ತೆ ಸಂದೂಕ ತೆಗೆದು ಗುಂಡಗಡಗಿ ಹೊರಗಿಟ್ಟರು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ, ನನ್ನ ಕೈಯಲ್ಲಿ ಇಟ್ಟರು.

“ಇದನ್ನ ನೀ ಇಟಗೋ. ನನಗ ಈ ಅರಿವೀನ ಇರ್ಲಿ,” ಎಂದು ಬಿಳಿ ಅರಿವೆಯನ್ನು ತಾವೇ ನೀರಲ್ಲಿ ಅದ್ದಿ ಹಿಂಡಿದರು. ಲಿಂಗ ಅದರಲ್ಲಿ ಇಟ್ಟು, ನನ್ನ ಮುಂದೆ ಹಿಡಿದು ಕೂತರು. “ಗಂಟ ನೀನ ಹಾಕ.”

ಎರಡು ಸುತ್ತು ಹಾಕಿ ಬಿಗಿದೆ. ಸಾಲದು, ಇನ್ನೂ ಬಿಗಿ ಅಂದರು. ಬಿಗಿದೆ. ಎರಡೆರಡು ಸಲ ಜಗ್ಗಿ ನೋಡಿದೆ.

“ಅಂಜತಿಯೇನು?” ಎಂದು ಕೇಳಿದರು.

“ಹೂಂನ್ರಿ, ಅತ್ತಿ.”

“ನಾನೂ ಅಂಜತೇನಿ,” ಅಂದರು. “ಯಾರಿಗೂ ಹೇಳಬ್ಯಾಡ.”