ಗೋಳಿಮರದಡಿಯ ಬೋಣಿ

ಈಗಲೂ ಕಾಪುವಿನಲ್ಲಿ ಬಸ್ಸಿನಿಂದ ಇಳಿದರೆ ನಾನು ಆ ಗೋಡೆಯ ಕಡೆ ನೋಡುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಂಪುಕಲ್ಲಿನ ಗೋಡೆ, ನಾವೇ ಕಟ್ಟಿದ್ದು. ಸಂಬಳಕ್ಕಲ್ಲ ಮಾರಾಯ್ರೆ, ಶ್ರಮದಾನ! ನಮ್ಮನ್ನು ಹೊರಗೆ ಹಾಕುವ ಗೋಡೆಗೆ ನಾವೇ ಕಲ್ಲು ಹೊತ್ತು, ನಾವೇ ಗಂಜಿ ಬೇಯಿಸಿ ಬಡಿಸಿದೆವು. ನಮ್ಮಂಥ ಪೆದ್ದರು ಬೇರೆಲ್ಲಿ ಸಿಗುತ್ತಾರೆ ಹೇಳಿ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಹೆದ್ದಾರಿಗೆ ತಾಗಿ ಅಲ್ಲೊಂದು ಸರಕಾರಿ ಮೈದಾನ ಇತ್ತು. ಅದರ ಅಂಚಿನಲ್ಲಿ ದೊಡ್ಡ ಗೋಳಿಮರ, ಅಂದರೆ ಆಲದಮರ, ಮರದ ಬುಡದಲ್ಲಿ ನನ್ನ ಅಮ್ಮನ ಮೀನಿನ ಬುಟ್ಟಿ. ಮೊದಲು ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುತ್ತಿದ್ದಳು. ಮೊಣಕಾಲು ಊದಿಕೊಂಡಾಗ ಮಣಿಪಾಲದ ಡಾಕ್ಟರು, ತಲೆಯ ಮೇಲೆ ಭಾರ ಹೊತ್ತು ನಡೆಯಲೇಬಾರದು ಎಂದುಬಿಟ್ಟರು. ಅಂದಿನಿಂದ ಆ ಮರದ ನೆರಳೇ ಅವಳ ಅಂಗಡಿ. ಆ ನೆರಳು ಉಂಟು ಎಂದೇ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ನಾನಾಗ ಉಡುಪಿಯ ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸು ನಿಲ್ಲುವುದೂ ಅದೇ ಮರದಡಿಯಲ್ಲಿ. ಬಸ್ಸು ಬರುವವರೆಗೆ ಅಮ್ಮನ ಪಕ್ಕ ನಿಂತು ಊರನ್ನೆಲ್ಲ ನೋಡುತ್ತಿದ್ದೆ. ಇಗರ್ಜಿಯಿಂದ ಬರುವ ಕ್ರಿಶ್ಚಿಯನ್ ಬಾಯಮ್ಮಂದಿರು ಅಮ್ಮನ ಹತ್ತಿರ ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಮಸೀದಿಯ ಕಡೆಯಿಂದ ಬರುವ ಐಸ್‌ಕ್ಯಾಂಡಿಯ ಬ್ಯಾರಿ ಸೈಕಲ್ಲು ಒರಗಿಸಿ, ತನ್ನ ಮಗಳಿಗೆ ಬಂದ ಸಂಬಂಧದ ವಿಷಯ ಅಮ್ಮನಿಗೇ ಮೊದಲು ಹೇಳುತ್ತಿದ್ದ. ವಾಲಿಬಾಲ್ ಆಡುವ ಹುಡುಗರಲ್ಲಿ ಯಾರು ಯಾವ ಜಾತಿ ಎಂದು ಕೇಳಿದರೆ ಅವರೇ ಯೋಚಿಸಬೇಕಾಗುತ್ತಿತ್ತು. ಮನೆಗೆ ಹೋದರೆ ನಮಗೆಲ್ಲ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಲೋಟ. ಮೈದಾನದಲ್ಲಿ ಮಾತ್ರ ನಾವು ಒಂದೇ ಊರಿನವರು.

ಅಮ್ಮನಿಗೊಂದು ನಂಬಿಕೆ ಇತ್ತು. ದಿನದ ಮೊದಲ ಮಾರಾಟ, ಅಂದರೆ ಬೋಣಿ, ಒಳ್ಳೆಯ ಕೈಯಿಂದಲೇ ಆಗಬೇಕು. ಅವಳ ಲೆಕ್ಕದಲ್ಲಿ ಆ ಒಳ್ಳೆಯ ಕೈ ನಮ್ಮ ಯುವಕ ಸಂಘದ ಅಧ್ಯಕ್ಷರದ್ದು. ಅವರು ಬರುವವರೆಗೆ ಯಾರೆಷ್ಟು ಗೋಗರೆದರೂ ಬುಟ್ಟಿಯ ಮೇಲಿನ ಎಲೆ ಸರಿಸುತ್ತಿರಲಿಲ್ಲ. "ಸ್ವಲ್ಪ ತಾಳಿ ಬಾಯಮ್ಮ, ತಮ್ಮ ಬರಲಿ" ಎನ್ನುತ್ತಿದ್ದಳು. ಬಾಯಮ್ಮಂದಿರು ಗೊಣಗುತ್ತ ಕಾಯುತ್ತಿದ್ದರು.

ತಮ್ಮ! ಅವರದ್ದು ಗುತ್ತಿನ ಮನೆ, ಗದ್ದೆ ತೋಟ ಎಲ್ಲ ಇದ್ದವರು. ಅಂಥವರನ್ನು ನಮ್ಮವರು ದಣಿ ಎಂದೇ ಕರೆಯುವುದು ಕ್ರಮ. ಮೊದಲ ದಿನ ಅಮ್ಮನೂ ಹಾಗೇ ಕರೆದಿದ್ದಳು. ಅವರು ಪಂಚೆ ಮೇಲೆತ್ತಿ ಬುಟ್ಟಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, "ದಣಿ ಗಿಣಿ ಎಲ್ಲ ಬೇಡ ಅಕ್ಕ. ಈ ಮೈದಾನದಲ್ಲಿ ಯಾರೂ ದಣಿ ಇಲ್ಲ. ತಮ್ಮ ಅಂದರೆ ಮೀನು ತಗೊಳ್ಳುತ್ತೇನೆ" ಎಂದರಂತೆ. ಅಮ್ಮ ಆ ಮಾತನ್ನು ಎಷ್ಟು ಸಲ ಹೇಳಿದ್ದಾಳೋ. ನನಗೆ ಅವರು ಮಾವನಾದರು. ಬಂಗುಡೆಯ ಕಿವಿರು ಎತ್ತಿ ನೋಡಿ, ಬೆರಳು ಮೂಸಿ, "ಇವತ್ತು ಭಾರೀ ಲಾಯ್ಕ ಉಂಟು ಅಕ್ಕ" ಎನ್ನುತ್ತಿದ್ದರು.

ಒಂದು ದಿನ ಬೋಣಿ ಮಾಡಿ ಎದ್ದವರು ಅಲ್ಲೇ ನಿಂತರು. "ಅಕ್ಕಾ, ದನ ನುಗ್ಗಿ, ಲಾರಿಯವರು ನುಗ್ಗಿ ಮೈದಾನ ಹಾಳಾಯ್ತು. ಸುತ್ತ ಒಂದು ಗೋಡೆ ಆದರೆ ನಮ್ಮ ಜಾಗ ನಮಗೇ ಉಳಿಯುತ್ತದೆ. ಮರದ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸುತ್ತೇನೆ, ನೀವು ರಾಣಿಯ ಹಾಗೆ ಕೂತು ಮಾರಿ."

"ರಾಣಿ ಆಗುವುದು ಎಂತಕ್ಕೆ ತಮ್ಮ, ಒಂದು ಮಣೆ ಇಡುವ ಜಾಗ ಇದ್ದರೆ ಸಾಕು" ಎಂದಳು ಅಮ್ಮ. ಹೇಳಿದ್ದು ಹಾಗೆ, ಮುಖ ಮಾತ್ರ ಅರಳಿತ್ತು.

ಭಾನುವಾರಗಳೆಲ್ಲ ಶ್ರಮದಾನಕ್ಕೆ ಹೋದವು. ಪೂಜೆ ಮುಗಿಸಿ ಇಗರ್ಜಿಯ ಹುಡುಗರು ಬಂದರು, ಬ್ಯಾರಿ ಬಂದ, ಕಾರ್ಕಳ ಬಸ್ಸಿನ ಕಂಡಕ್ಟರ್ ಕೂಡ ರಜೆಯ ದಿನ ಬಂದು ಮಣ್ಣು ಕಲಸಿದ. ನಾನು ನೀರು ಹೊತ್ತೆ, ಕಲ್ಲು ಹೊತ್ತೆ. ಅಮ್ಮ ಆ ಊದಿದ ಮೊಣಕಾಲು ಇಟ್ಟುಕೊಂಡೇ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿದಳು, ಮಾರಲು ತಂದ ಬೂತಾಯಿಯನ್ನೇ ಸಾರು ಮಾಡಿ ಬಡಿಸಿದಳು. ಮಾವ ನಮ್ಮ ಸಾಲಿನಲ್ಲೇ ಕೂತು ಎರಡನೇ ಸಲ ಸಾರು ಹಾಕಿಸಿಕೊಂಡರು. ಅಷ್ಟು ಖುಷಿಯ ದಿನಗಳು ನನ್ನ ಜೀವನದಲ್ಲಿ ಕಡಿಮೆ. ಅದನ್ನು ನೆನೆದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಗೋಡೆ ಮುಗಿಯಿತು, ಗೇಟು ಬಂತು. ಆಮೇಲೆ ತಿಳಿಯಿತು, ಜಾಗವನ್ನು ಮಾವ ಎಂದೋ ಸರಕಾರದಿಂದ ತಮ್ಮ ಹೆಸರಿಗೆ ಗುತ್ತಿಗೆಗೆ ಬರೆಸಿಕೊಂಡಿದ್ದರು. ಅಲ್ಲಿ ಮದುವೆಯ ಹಾಲ್ ಏಳುವುದಂತೆ. ಅಮ್ಮ ನಂಬಲಿಲ್ಲ. "ಏಳಲಿ ಬಿಡು, ತಮ್ಮನ ಹಾಲ್ ಅಲ್ವಾ. ಕಟ್ಟೆ ಕೊಡುತ್ತೇನೆ ಎಂದಿದ್ದಾರೆ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಹಾಲ್ ಎದ್ದಿತು. ಅದರ ಉದ್ಘಾಟನೆಯ ಮರುದಿನ ಅಮ್ಮ ಬುಟ್ಟಿಯೊಂದಿಗೆ ಹೋದಾಗ ಗೇಟಿಗೆ ಬೀಗ. ಕಾವಲಿನವನು ಒಳಗಿನಿಂದಲೇ, "ಮೀನು ಒಳಗೆ ಬಿಡಬಾರದಂತೆ" ಎಂದ. ಅಮ್ಮ ನಕ್ಕಳು. "ಯಾರು ಹೇಳಿದ್ದು ನಿನಗೆ? ತಮ್ಮ ಬರಲಿ" ಎಂದು ಬಿಸಿಲಿನಲ್ಲೇ ನಿಂತಳು. ಎಲೆ ಸರಿಸದೆ ಕಾದಳು. ನನ್ನ ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ.

ಅವರು ಕಾರಿನಲ್ಲಿ ಬಂದರು. ಇಳಿಯಲಿಲ್ಲ, ಗಾಜನ್ನು ಅರ್ಧ ಇಳಿಸಿದರು. "ದೊಡ್ಡ ದೊಡ್ಡ ಜನ ಮದುವೆಗೆ ಬರುತ್ತಾರೆ ಅಕ್ಕ. ವಾಸನೆ... ನಿಮಗೇ ಗೊತ್ತುಂಟಲ್ಲ. ನೀವು ಮೊದಲಿನ ಹಾಗೆ ಮನೆಮನೆಗೆ ಬಂದರೆ ಎಂತ? ನಮ್ಮ ಮನೆಗೂ ಬನ್ನಿ."

ವಾಸನೆಯಂತೆ! ಬೆರಳು ಮೂಸಿ ಮೀನು ಆರಿಸುತ್ತಿದ್ದ ಮನುಷ್ಯ! ನನಗೆ ಬಾಯಿಗೆ ಬಂದದ್ದೆಲ್ಲ ಬೈಯಬೇಕೆನಿಸಿತು. ಅಮ್ಮ ನನ್ನ ಕೈ ಹಿಡಿದಳು. ಗೇಟು ತೆರೆಯಿತು, ಕಾರು ಒಳಗೆ ಹೋಗಿ ಗೋಳಿಮರದ ನೆರಳಿನಲ್ಲಿ ನಿಂತಿತು. ಅದು ಸರಿಯಾಗಿ ಅಮ್ಮ ಕೂರುತ್ತಿದ್ದ ಜಾಗ.

ಆಮೇಲೆ ಮೈದಾನದ ಜನ ಚದುರಿದರು. ಇಗರ್ಜಿಯ ಹುಡುಗರು ಇಗರ್ಜಿಯ ಅಂಗಳದಲ್ಲಿ ನೆಟ್ ಕಟ್ಟಿದರು, ನಮ್ಮ ಹುಡುಗರು ಭಜನಾ ಮಂದಿರದ ಎದುರು. ಬ್ಯಾರಿ ತನ್ನವರ ಕೇರಿಯ ಕಡೆಗೇ ಸೈಕಲ್ಲು ತಿರುಗಿಸಿದ. ಅವನ ಮಗಳ ಮದುವೆ ಆದದ್ದು ನಮಗೆ ತಡವಾಗಿ ಗೊತ್ತಾಯಿತು. ಜಗಳ ಯಾರೂ ಮಾಡಲಿಲ್ಲ. ಒಬ್ಬರನ್ನೊಬ್ಬರು ನೋಡುವ ಜಾಗ ಇಲ್ಲದೆ ಪರಿಚಯ ಸವೆಯಿತು, ಅಷ್ಟೇ.

ಅಮ್ಮ ಪುನಃ ತಲೆಗೆ ಸಿಂಬಿ ಇಟ್ಟಳು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ, ಬುಟ್ಟಿ ಇಳಿಸಲು, ಎತ್ತಲು. ಆ ಅಧ್ಯಕ್ಷರ ಮನೆಯ ದಾರಿಯನ್ನು ಅಮ್ಮ ಬಹಳ ದಿನ ತಪ್ಪಿಸಿದಳು. ಕೊನೆಗೊಂದು ದಿನ ಕಾಲು ನೋವು ಜಾಸ್ತಿಯಾಗಿ, ಹತ್ತಿರದ ಮನೆ ಅದೇ ಎಂದು ಅಲ್ಲಿಗೇ ಹೋದೆವು. ಅಷ್ಟು ಹೊತ್ತಾದರೂ ಒಂದು ಮೀನೂ ಹೋಗಿರಲಿಲ್ಲ.

ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ಅವರ ಹೆಂಡತಿಯ ಸ್ವರ ಬಂತು: "ಮೀನಿನವಳಾ? ಹಿಂದಿನಿಂದ ಬರಲಿ."

ನಾವು ಹಿಂದಿನಿಂದ ಹೋದೆವು. ಬಚ್ಚಲಿನ ನೀರು ಹರಿಯುವ ಕಡೆ ಬುಟ್ಟಿ ಇಳಿಸಿದೆವು. ಅವರೇ ಹೊರಗೆ ಬಂದರು. ಮೆಟ್ಟಿಲಿನ ಮೇಲೆಯೇ ನಿಂತರು, ಕೂರಲಿಲ್ಲ. ಮುಖದಲ್ಲಿ ಹಳೆಯ ನಗು.

"ಎಂತ ಉಂಟು ಅಕ್ಕ ಇವತ್ತು? ಬೋಣಿ ಆಗಲಿಲ್ಲ ಅಲ್ವಾ? ನನ್ನ ಕೈಯಿಂದಲೇ ಆಗಲಿ" ಎಂದು ನೋಟು ಚಾಚಿದರು.

ಎಲೆ ಸರಿಯದ ತುಂಬಿದ ಬುಟ್ಟಿ ಅವರ ಕಾಲ ಕೆಳಗೇ ಇತ್ತು, ಅವರಿಗೂ ಕಾಣುತ್ತಿತ್ತು. ಅಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು.

"ಬೋಣಿ ಆಗಿದೆ, ದಣಿ."

ಅವರು ಚಾಚಿದ ಕೈ ಹಾಗೇ ಉಳಿಯಿತು. ಅಮ್ಮ ನನ್ನ ಕಡೆ ತಿರುಗಿ, "ಬುಟ್ಟಿ ಎತ್ತು" ಎಂದಳು.